ನಾಲ್ಕು ಮುಂಜಾನೆ

ಸರಪಳಿಗೆ ತೂಗುಹಾಕಿದ ಎಂಜಿನ್ನನ್ನು ನೋಡಬಾರದೆಂದು ಮಾರ್ತಾಂಡ ಕೈಯಲ್ಲಿದ್ದ ಚಹಾದ ಗ್ಲಾಸನ್ನೇ ನೋಡುತ್ತ ನಿಂತಿದ್ದ. ಚಹಾ ಆರಿ ಕೆನೆ ಕಟ್ಟಿತ್ತು. ಕಟ್ಟಿದ್ದು ತಿಳಿದದ್ದು ಅದು ತುಟಿಗೆ ಅಂಟಿಕೊಂಡ ಮೇಲೆ. ಕಾತ್ರಜ ಘಾಟು ಇಳಿದು ಪುಣೆ ಶುರುವಾಗುವಲ್ಲಿ, ಸಾತಾರಾ ರಸ್ತೆಯ ಪಕ್ಕಕ್ಕೆ, ಗುರಣ್ಣ ಮಿಸ್ತ್ರಿಯ ಗ್ಯಾರೇಜು. ತಗಡಿನ ಚಪ್ಪರ, ವರ್ಷಗಟ್ಟಲೆ ಆಯಿಲ್ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಎಂಜಿನ್ನಿಲ್ಲದೆ ಬಾಯಿ ತೆರೆದುಕೊಂಡು ನಿಂತ ಲಾರಿ. ಹದಿನಾರು ವರ್ಷ ಅದನ್ನು ಓಡಿಸಿದವನು ಅವನೇ. ಮೂರು ದಿನದ ಹಿಂದೆ, ಕರಾಡದಿಂದ ಬೆಲ್ಲ ಹೇರಿಕೊಂಡು ಘಾಟು ಹತ್ತುವಾಗ, ಸುರಂಗ ಇನ್ನೇನು ಬಂತು ಎನ್ನುವಷ್ಟರಲ್ಲಿ ಅದು ಜಾಮ್ ಆಗಿ ನಿಂತಿತ್ತು. ಇನ್ನೊಂದು ಲಾರಿ ಅದನ್ನು ಎಳೆದು ತಂದು ಇಲ್ಲಿ ಬಿಟ್ಟು ಹೋಗಿತ್ತು. ಎಳೆಸಿಕೊಂಡು ಬರುವಾಗ ಸ್ಟೇರಿಂಗ್ ಹಿಡಿದು ಕೂತವನೂ ಅವನೇ. ಹಿಂದೆ ಬಂದ ಕಾರಿನವರೆಲ್ಲ ದಾಟಿ ಹೋಗುವಾಗ ಕತ್ತು ತಿರುಗಿಸಿ ಅವನ ಮುಖ ನೋಡಿಕೊಂಡು ಹೋಗಿದ್ದರು.

ಹನ್ನೊಂದಕ್ಕೆ ಮಾಲಕ ಶಿವಪ್ರಕಾಶ ಬರುವವನಿದ್ದ. ಅವನು ಬಂದ ಮೇಲೆ ಗುರಣ್ಣ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರು ಬಿಚ್ಚಿ ತೋರಿಸಬೇಕು. ತೋರಿಸುವಂಥದ್ದೇನೂ ಉಳಿದಿರಲಿಲ್ಲ. ಆಯಿಲ್ ಇಲ್ಲದೆ ಓಡಿ ಸತ್ತ ಎಂಜಿನ್ನು ಎಂಬುದು ಮೊದಲ ದಿನವೇ ಎಲ್ಲರಿಗೂ ಗೊತ್ತಾಗಿತ್ತು. ಯಾಕೆ ಇರಲಿಲ್ಲ ಎಂಬ ಪ್ರಶ್ನೆಗೂ ಶಿವಪ್ರಕಾಶ ಫೋನಿನಲ್ಲೇ ಉತ್ತರ ಕಂಡುಕೊಂಡಿದ್ದ: ಆಯಿಲ್ ನೋಡುವುದು ಕ್ಲೀನರನ ಕೆಲಸ, ಅವನು ನೋಡಿಲ್ಲ, ಅವನನ್ನು ತೆಗೆದುಹಾಕಬೇಕು. ಆ ಕ್ಲೀನರ್ ಹುಲಿಗೆಪ್ಪ ಗ್ಯಾರೇಜಿನ ಬಾಗಿಲಲ್ಲಿ ಸವೆದ ಟಾಯರೊಂದರ ಮೇಲೆ ಕೂತಿದ್ದ. ಲಿಂಗಸುಗೂರು ಕಡೆಯವನು; ನಲವತ್ತು ದಾಟಿ ಗಡ್ಡ ಬೆಳ್ಳಗಾಗಿದ್ದರೂ ಲಾರಿ ಲೋಕದಲ್ಲಿ ಇನ್ನೂ ಕ್ಲೀನರನೇ. ಹನ್ನೊಂದು ವರ್ಷ ಮಾರ್ತಾಂಡನ ಎಡಗಡೆಯ ಸೀಟಿನಲ್ಲಿ ಕೂತವನು, ಇಂದು ಬೆಳಿಗ್ಗೆ ಯಾರೂ ಹೇಳುವ ಮೊದಲೇ ಲಾರಿಯಿಂದ ತನ್ನ ಚಾದರ, ತಟ್ಟೆ, ಒಂದು ಜೊತೆ ಬಟ್ಟೆ ಇಳಿಸಿಕೊಂಡು ಗಂಟು ಕಟ್ಟಿಟ್ಟಿದ್ದ. ಅವನನ್ನು ಉಳಿಸುವ ಮಾತು ಇಡೀ ಪುಣೆಯಲ್ಲಿ ಒಬ್ಬನ ಬಾಯಲ್ಲಿತ್ತು, ಮತ್ತು ಆ ಒಬ್ಬ ಆರಿದ ಚಹಾ ಹಿಡಿದುಕೊಂಡು ನಿಂತಿದ್ದ.

ಹೇಳಿಬಿಡುವುದು ಎಂದು ಮಾರ್ತಾಂಡ ರಾತ್ರಿಯೇ ನಿರ್ಧಾರ ಮಾಡಿದ್ದ. ಬೆಳಿಗ್ಗೆ ಹೆಂಡತಿ ರೊಟ್ಟಿ ಬಡಿಸುವಾಗ ಮತ್ತೊಮ್ಮೆ ಮಾಡಿದ್ದ. ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಯೂ ನೋಡಿದ್ದ. ಜೋಡಿಸಿದಾಗಲೆಲ್ಲ ಮೊದಲ ಮಾತು ಎಂಜಿನ್ನಿನಿಂದಲೇ ಶುರುವಾಗುತ್ತಿತ್ತು, ಎಂಜಿನ್ನು ಹಳೆಯದಾಗಿತ್ತು ಎಂದು. ಅದೇನೂ ಸುಳ್ಳಲ್ಲ. ಕಿಲೋಮೀಟರ್ ತೋರಿಸುವ ಮೀಟರು ಎರಡು ಸಲ ಕೊನೆ ಮುಟ್ಟಿ ಸೊನ್ನೆಗೆ ಬಂದು, ಮೂರನೆಯ ಸಲ ನಡುವೆಯೇ ನಿಂತುಹೋಗಿತ್ತು. ಎರಡು ಸಲ ಸಿಲಿಂಡರು ಕೊರೆಸಿ ದೊಡ್ಡ ಪಿಸ್ಟನ್ ಹಾಕಿದ್ದಾಗಿತ್ತು. ರಿಂಗುಗಳು ಸವೆದು ಆಯಿಲ್ ಮೇಲೆ ಹೋಗಿ ಡೀಸೆಲ್ಲಿನ ಜೊತೆ ಸುಡುತ್ತಿತ್ತು; ಮುಂಜಾನೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಎದ್ದು ಚಹಾದಂಗಡಿಯವರು ಬೈಯುತ್ತಿದ್ದರು. ಶಿವಪ್ರಕಾಶನ ತಂದೆ ಈರಬಸಪ್ಪನವರು ಇದ್ದಾಗ ಸೈಲೆನ್ಸರಿನ ಬಾಯೊಳಗೆ ಬೆರಳು ಹಾಕಿ ಒರೆಸಿ ನೋಡುವುದನ್ನು ಕಲಿಸಿದ್ದರು: ಮಸಿ ಒಣಗಿದ್ದರೆ ಎಂಜಿನ್ನಿಗೆ ಆರೋಗ್ಯ, ಜಿಡ್ಡಾಗಿದ್ದರೆ ಅದು ತನ್ನ ಆಯಿಲನ್ನು ತಾನೇ ತಿನ್ನುತ್ತಿದೆ. ಐದು ವರ್ಷದಿಂದ ಮಾರ್ತಾಂಡನ ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಮೊದಲು ಕರಾಡಕ್ಕೆ ಹೋಗಿ ಬರುವುದಕ್ಕೆ ಅರ್ಧ ಲೀಟರು, ಆಮೇಲೆ ಒಂದು, ಈಚೆಗೆ ನೂರು ಕಿಲೋಮೀಟರಿಗೇ ಒಂದು ಲೀಟರು. ಕ್ಯಾನು ಸೀಟಿನ ಹಿಂದೆ ಸದಾ ಇರಬೇಕು. ದಿನಾ ಹೊಸದು ಹಾಕುತ್ತೇವಲ್ಲ, ಹಳೆಯದು ತಾನಾಗಿಯೇ ಹೋಗುತ್ತದೆ ಎಂದು ಪೂರ್ತಿ ಆಯಿಲ್ ಬದಲಿಸುವುದನ್ನೂ ಬಿಟ್ಟುಬಿಟ್ಟಿದ್ದರು. ತಳದಲ್ಲಿ ಕೂತ ರಾಡಿ ಹೋಗುವುದಿಲ್ಲ ಎಂದು ಗುರಣ್ಣ ಬಾಯಿ ಬಡಿದುಕೊಂಡರೂ ಕೇಳಿರಲಿಲ್ಲ. ಆಯಿಲ್ ಒತ್ತಡ ತೋರಿಸುವ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. ಉಳಿದಿದ್ದ ಒಂದೇ ಕಾವಲು ಆ ಕಡ್ಡಿ.

ಆಯಿಲ್ ಅಳೆಯುವ ಕಡ್ಡಿ ಎಂದರೆ ಮೊಳದುದ್ದದ ಒಂದು ತಗಡಿನ ಪಟ್ಟಿ, ತುದಿಯಲ್ಲಿ ಎರಡು ಗೀಟು. ಮೇಲಿನ ಗೀಟಿಗೆ ಆಯಿಲ್ ಮುಟ್ಟಿದ್ದರೆ ಹೊಟ್ಟೆ ತುಂಬಿದೆ, ಕೆಳಗಿನದಕ್ಕಿಂತ ಕೆಳಗಿದ್ದರೆ ಲಾರಿ ಕದಲಿಸಬಾರದು. ಅದನ್ನು ನೋಡುವುದಕ್ಕೂ ಒಂದು ಪದ್ಧತಿಯಿತ್ತು. ಮುಂಜಾನೆ ಎಂಜಿನ್ ತಣ್ಣಗಿರುವಾಗ ಕ್ಲೀನರ್ ಬಾನೆಟ್ ಎತ್ತಿ, ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದು, ಎರಡೂ ಕೈಯಲ್ಲಿ ಅಡ್ಡ ಹಿಡಿದು ಡ್ರೈವರನ ಕಿಟಕಿಗೆ ಎತ್ತಿ ತೋರಿಸಬೇಕು. ಡ್ರೈವರ್ ಇಳಿಯುವುದಿಲ್ಲ. ಅವನು ಕೂತಲ್ಲಿಂದಲೇ ಒಂದು ನೋಟ ನೋಡಿ ಸಾಕು ಎನ್ನಬೇಕು, ಇಲ್ಲವೇ ಹಾಕು ಎನ್ನಬೇಕು. ಕ್ಲೀನರನಿಗೆ ಗೀಟು ಕಾಣುವುದಿಲ್ಲವೆಂದಲ್ಲ. ಆದರೆ ಹೇಳುವ ಅಧಿಕಾರ ಕಿಟಕಿಯೊಳಗಿನವನದು. ಮಾರ್ತಾಂಡನೂ ಚಿಕ್ಕವನಿದ್ದಾಗ ಆರು ವರ್ಷ ಹಾಗೆ ಕಡ್ಡಿ ಎತ್ತಿ ಹಿಡಿದವನೇ. ತೋಳು ನೋಯುತ್ತಿದ್ದರೂ ಆಗಿನ ಡ್ರೈವರ್ ಉಸ್ತಾದ ಬೀಡಿ ಹಚ್ಚಿ ಮುಗಿಸುವವರೆಗೆ ನೋಡುತ್ತಿರಲಿಲ್ಲ. ತಾನು ಉಸ್ತಾದನಾದ ಮೇಲೆ ಯಾರನ್ನೂ ಕಾಯಿಸುವುದಿಲ್ಲ ಎಂದು ಆಗ ಅಂದುಕೊಂಡಿದ್ದ, ಹಾಗೆಯೇ ನಡೆದುಕೊಂಡಿದ್ದ ಕೂಡ. ಕಡ್ಡಿ ಕಿಟಕಿಗೆ ಬಂದ ಕೂಡಲೇ ಉತ್ತರ ಕೊಡುತ್ತಿದ್ದ. ಒಂದು ವರ್ಷದಿಂದ ಕಡ್ಡಿಯ ಮೇಲೆ ಅವನಿಗೆ ಏನೂ ಕಾಣುತ್ತಿರಲಿಲ್ಲ ಎಂಬುದನ್ನು ಬಿಟ್ಟರೆ ಆ ಪದ್ಧತಿಯಲ್ಲಿ ಯಾವ ಲೋಪವೂ ಇರಲಿಲ್ಲ.

ಕಾಣುತ್ತಿದ್ದದ್ದು ಒಂದು ಮಿನುಗು ಮಾತ್ರ. ಗೀಟು ಎಲ್ಲಿ, ಆಯಿಲ್ ಎಲ್ಲಿಗೆ ನಿಂತಿದೆ, ಎಲ್ಲ ಕಲಸಿಹೋಗುತ್ತಿತ್ತು. ಹೆಂಡತಿ ಅಕ್ಕಿಯಲ್ಲಿ ಕಲ್ಲು ನೋಡಿರಿ ಎಂದು ಮೊರ ಕೊಟ್ಟರೆ ಬೆರಳಿನಿಂದ ಸವರಿ ಹುಡುಕುತ್ತಿದ್ದ. ಒಮ್ಮೆ ಧೈರ್ಯ ಮಾಡಿ ಕ್ಯಾಂಪ್ ಪೇಟೆಗೆ ಹೋಗಿ, ಫುಟ್‌ಪಾತಿನಲ್ಲಿ ಚಾಳೀಸು ಮಾರುವವನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನು ಮೂಗಿಗೆ ಒಂದೊಂದೇ ಚಷ್ಮಾ ಏರಿಸಿ ಮರಾಠಿ ಪೇಪರು ಹಿಡಿದು, ಜೋರಾಗಿ ಓದಿ ಎಂದ. ಮಾರ್ತಾಂಡ ಮಗ್ಗಿ ಒಪ್ಪಿಸುವವನ ಹಾಗೆ ಓದತೊಡಗಿದಾಗ ಹಿಂದಿನಿಂದ ಯಾರೋ ಭುಜ ತಟ್ಟಿದರು. ಮಾರ್ಕೆಟ್ ಯಾರ್ಡಿನ ಇನ್ನೊಬ್ಬ ಡ್ರೈವರ್. ಏನು ಉಸ್ತಾದ್, ಇನ್ನು ಗಾಡಿ ಬಿಟ್ಟು ಪೋಥಿ ಪುರಾಣ ಓದುವ ವಿಚಾರವೋ ಎಂದು ಮರಾಠಿಯಲ್ಲಿ ನಕ್ಕ. ನಕ್ಕದ್ದು ಪ್ರೀತಿಯಿಂದಲೇ. ಮಾರ್ತಾಂಡನೂ ನಕ್ಕು, ಮೊಮ್ಮಗಳ ಜೊತೆ ಪಂದ್ಯ ಕಟ್ಟಿದ್ದೇನೆ ಎಂದೋ ಏನೋ ಬಾಯಿಗೆ ಬಂದದ್ದು ಹೇಳಿ, ಚಷ್ಮಾ ಕಿತ್ತಿಟ್ಟು ಎದ್ದುಬಂದ. ಚಷ್ಮಾ ಹಾಕಿದ ಡ್ರೈವರನ ಕೈಗೆ ಹೊಸ ಗಾಡಿ ಕೊಡುವುದಿಲ್ಲ, ಹಳೆಯದನ್ನೂ ಒಂದು ದಿನ ನಯವಾಗಿ ಕಿತ್ತುಕೊಳ್ಳುತ್ತಾರೆ. ಅವನು ಕಣ್ಣಾರೆ ಕಂಡಿದ್ದ. ಲೈಸೆನ್ಸು ಹೊಸದು ಮಾಡಿಸುವಾಗ ಡಾಕ್ಟರು ಮುಖ ಕೂಡ ಎತ್ತದೆ ಸಹಿ ಹಾಕಿಕೊಟ್ಟಿದ್ದರು. ಹತ್ತಿರದ್ದು ಮಾತ್ರ ತಾನೇ, ಡ್ರೈವರನಿಗೆ ಬೇಕಾದದ್ದು ದೂರದ್ದು ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎಷ್ಟು ಸಲ ಹೇಳಿಕೊಂಡನೆಂದರೆ ಅದು ನಿಜವೋ ಎಂದು ನೋಡುವುದೇ ಮರೆತುಹೋಯಿತು.

ಹಾಗಾದರೆ ವರ್ಷವಿಡೀ ಅವನು ಏನು ನೋಡಿ ಸಾಕು, ಹಾಕು ಎನ್ನುತ್ತಿದ್ದ? ಹುಲಿಗೆಪ್ಪನ ಮುಖ ನೋಡಿ. ಇದನ್ನು ನೆನೆದರೆ ಮಾರ್ತಾಂಡನಿಗೆ ಈಗಲೂ ಬೆವರು ಬರುತ್ತಿತ್ತು. ಆಯಿಲ್ ಸಾಕಷ್ಟಿದ್ದರೆ ಹುಲಿಗೆಪ್ಪ ಕಡ್ಡಿ ಎತ್ತಿ ಹಿಡಿದು ಬೇರೆಲ್ಲೋ ನೋಡುತ್ತಿದ್ದ, ಆಕಳಿಸುತ್ತಿದ್ದ. ಕಡಿಮೆಯಾಗಿದ್ದರೆ ಹುಬ್ಬು ತುಸು ಮೇಲೇರುತ್ತಿತ್ತು, ಒಂದು ಕಾಲು ಆಗಲೇ ಕ್ಯಾನು ತರಲು ತಿರುಗುತ್ತಿತ್ತು. ಆ ಹುಬ್ಬು ಓದಿ ಮಾರ್ತಾಂಡ ಹಾಕು ಎನ್ನುತ್ತಿದ್ದ. ಕಡ್ಡಿಗಿಂತ ಆ ಮುಖ ನಿಚ್ಚಳವಾಗಿತ್ತು, ಒಂದು ದಿನವೂ ತಪ್ಪಲಿಲ್ಲ. ಯಾರಿಗೂ ತಿಳಿಯದ ಈ ಏರ್ಪಾಡಿನ ಬಗ್ಗೆ ಅವನಿಗೆ ಒಳಗೊಳಗೇ ಒಂದು ಹೆಮ್ಮೆ ಕೂಡ ಇತ್ತು ಎಂದರೆ ನಾಚಿಕೆಗೇಡು, ಆದರೆ ಇತ್ತು.

ಅದು ಕೆಟ್ಟದ್ದು ಹೋದ ವಾರ, ಕರಾಡದ ದಾರಿಯ ಶಿರವಳದ ಧಾಬಾದಲ್ಲಿ. ಏಳೆಂಟು ಲಾರಿ ನಿಂತಿದ್ದವು, ಡ್ರೈವರುಗಳೆಲ್ಲ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ಹುಲಿಗೆಪ್ಪ ಕಡ್ಡಿ ಎಳೆದು ನೋಡಿ, ತೋರಿಸದೆ, ಕೇಳದೆ, ಕ್ಯಾನು ಬಗ್ಗಿಸಿ ಒಂದು ಲೀಟರು ಸುರಿದ. ಸುರಿದು, ಪಕ್ಕದ ಕ್ಲೀನರನಿಗೆ, ಈ ಗಾಡಿಯ ಹೊಟ್ಟೆಯ ಲೆಕ್ಕ ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ ಎಂದ. ಹೊರಸಿನ ಮೇಲಿದ್ದ ಒಬ್ಬ, ಹಾಗಾದರೆ ಡ್ರೈವರ್ ಯಾತಕ್ಕೆ, ನೀನೇ ಓಡಿಸು ಎಂದ, ಎಲ್ಲರೂ ನಕ್ಕರು. ಅದೊಂದು ಮಾತೇ? ಊಟದ ಹೊತ್ತಿನ ಹರಟೆ, ಕೈ ತೊಳೆದರೆ ಹೋಗುವಂಥದ್ದು. ಆದರೆ ಮಾರ್ತಾಂಡನಿಗೆ ಇವನಿಗೆ ಗೊತ್ತಾಗಿದೆ, ಎಲ್ಲರಿಗೂ ಹೇಳಿದ್ದಾನೆ, ಅದಕ್ಕೇ ನಗುತ್ತಿದ್ದಾರೆ ಎಂದೇ ಅನಿಸಿತು. ತಟ್ಟೆ ಬಿಟ್ಟೆದ್ದು ಹೋಗಿ, ಹುಲಿಗೆಪ್ಪನ ಕೈಯಿಂದ ಕ್ಯಾನು ಕಿತ್ತು ನೆಲಕ್ಕೆ ಕುಕ್ಕಿದ. "ನಾ ಹೇಳೂತನಕ ಇದಕ್ಕ ಕೈ ಹಚ್ಚಬ್ಯಾಡ. ನೀ ಕ್ಲೀನರ್ ಇದ್ದಿ, ಕ್ಲೀನರನಂಗಿರು" ಎಂದ. ಕ್ಯಾನಿನಿಂದ ಚಿಮ್ಮಿದ ಆಯಿಲ್ ಹುಲಿಗೆಪ್ಪನ ಪಾದದ ಮೇಲೆ ಬಿದ್ದಿತ್ತು. ಅವನು ಅದನ್ನು ಒರೆಸಿಕೊಳ್ಳದೆ ಹೋಗಿ ಲಾರಿಯಲ್ಲಿ ಕೂತ.

ಮರುದಿನ ಮುಂಜಾನೆ ಕಡ್ಡಿ ಕಿಟಕಿಗೆ ಬಂತು. ಅದರ ಹಿಂದೆ ಮುಖ ಇರಲಿಲ್ಲ. ಅಂದರೆ ಇತ್ತು, ಕಣ್ಣು, ಮೂಗು, ಬೆಳ್ಳಗಿನ ಗಡ್ಡ ಎಲ್ಲ ಇದ್ದವು, ಆದರೆ ಗೋಡೆಯಂತೆ ಸುಮ್ಮನಿದ್ದವು. ಹುಬ್ಬು ಏರಲಿಲ್ಲ, ಕಾಲು ತಿರುಗಲಿಲ್ಲ. ಹುಲಿಗೆಪ್ಪ ಕಡ್ಡಿಯನ್ನೂ ನೋಡಲಿಲ್ಲ, ಆಕಾಶವನ್ನೂ ನೋಡಲಿಲ್ಲ, ನೇರ ಮಾರ್ತಾಂಡನ ಕಣ್ಣನ್ನೇ ನೋಡುತ್ತ ನಿಂತ. ಮಾರ್ತಾಂಡ ಸಾಕು ಎಂದ. ನಿನ್ನೆ ತಾನೇ ಒಂದು ಲೀಟರು ಬಿದ್ದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ಎರಡನೆಯ ಮುಂಜಾನೆಯೂ ಅದೇ ಗೋಡೆ. ಹಾಕು ಎಂದುಬಿಡಬಹುದಿತ್ತು, ಹೆಚ್ಚಾದರೆ ಏನಾಗುತ್ತಿತ್ತು, ಹೊಗೆ ಹೆಚ್ಚು ಬರುತ್ತಿತ್ತು. ಆದರೆ ತುಂಬಿದ್ದಾಗ ಹಾಕು ಎಂದರೆ ತನಗೆ ಕಾಣುವುದಿಲ್ಲ ಎಂಬುದು ಅಲ್ಲೇ ಬಯಲಾಗುತ್ತಿತ್ತು. ಮೂರನೆಯ ಮುಂಜಾನೆ ಸಾಕು ಎನ್ನುವ ಮೊದಲು, ಒಂದು ಕ್ಷಣ, ಇಳಿದು ಹೋಗಿ ಕಡ್ಡಿಯನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಮುಟ್ಟಿ ನೋಡಿಬಿಡಲೇ ಎನಿಸಿತು. ಕುರುಡ ಮುಟ್ಟಿ ನೋಡಿದಂತೆ ಆಗುತ್ತದೆ ಎಂದು ಬಿಟ್ಟ. ನಾಲ್ಕನೆಯ ಮುಂಜಾನೆ ಕರಾಡದಲ್ಲಿ, ಬೆಲ್ಲ ಹೇರಿ ಹಗ್ಗ ಬಿಗಿದ ಮೇಲೆ, ಹುಲಿಗೆಪ್ಪ ಕಡ್ಡಿಯನ್ನು ತುಸು ಹೆಚ್ಚು ಹೊತ್ತು ಹಿಡಿದುಕೊಂಡು ನಿಂತ. ಅವನ ತೋಳು ನಡುಗುತ್ತಿತ್ತು. ಮಾರ್ತಾಂಡ ಸಾಕು ಎಂದು ಹೇಳಿ ಕಿಟಕಿಯ ಗಾಜು ಏರಿಸಿದ.

ಘಾಟಿನ ಏರಿನಲ್ಲಿ ಮೊದಲು ಕೇಳಿಸಿದ್ದು ಒಂದು ಟಕ್‌ಟಕ್. ಟಾಯರಿಗೆ ಕಲ್ಲು ಸಿಕ್ಕಿರಬೇಕು ಎಂದುಕೊಂಡ. ಅಲ್ಲ ಎಂದು ಅವನ ಪಾದಕ್ಕೆ ಗೊತ್ತಿತ್ತು. ಏರಿನಲ್ಲಿ ಲಾರಿ ಹಿಂದಕ್ಕೆ ವಾಲಿದಾಗ ಚೇಂಬರಿನಲ್ಲಿ ಉಳಿದಿದ್ದಷ್ಟು ಆಯಿಲ್ ಹಿಂದಕ್ಕೆ ಸರಿದು, ಪಂಪು ಬರೀ ಗಾಳಿ ಎಳೆದಿರಬೇಕು. ನಿಲ್ಲಿಸಿದ್ದರೆ ಉಳಿಯುತ್ತಿತ್ತು. ನಿಲ್ಲಿಸಿದರೆ ಬಾನೆಟ್ ಎತ್ತಬೇಕು, ಕಡ್ಡಿ ಎಳೆಯಬೇಕು, ಕಡ್ಡಿ ಕಿಟಕಿಗೆ ಬರುತ್ತದೆ. ಅವನು ನಿಲ್ಲಿಸಲಿಲ್ಲ. ಸುರಂಗದವರೆಗೆ ಹೋದರೆ ಸಾಕು, ಆಚೆಗೆ ಇಳಿಜಾರು ಎಂದು ಗೇರು ಇಳಿಸಿ ಒತ್ತಿದ. ಟಕ್‌ಟಕ್ ಹೋಗಿ ಸುತ್ತಿಗೆಯ ಪೆಟ್ಟಾಯಿತು, ಆಮೇಲೆ ಒಂದು ಕಿರುಚು, ಆಮೇಲೆ ಏನೂ ಇಲ್ಲ. ಹುಲಿಗೆಪ್ಪ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ.

ಇವನು ಸೇಡು ತೀರಿಸಿಕೊಂಡ ಎಂದು ಮಾರ್ತಾಂಡ ಮೂರು ದಿನದಿಂದ ನಂಬಲು ನೋಡುತ್ತಿದ್ದ. ಕಂಡೂ ಕಂಡೂ ಸುಮ್ಮನಿದ್ದನಲ್ಲ, ಬಾಯಿ ಬಿಟ್ಟು ಹೇಳಬಹುದಿತ್ತಲ್ಲ. ಹಾಗೆ ನಂಬಿದರೆ ತಪ್ಪು ಇಬ್ಬರಿಗೂ ಹಂಚಿಹೋಗುತ್ತಿತ್ತು, ಎದೆಯ ಭಾರ ಅರ್ಧ ಇಳಿಯುತ್ತಿತ್ತು. ಆದರೆ ನಂಬಿಕೆ ಅರ್ಧ ದಾರಿಗೆ ಬರುವಷ್ಟರಲ್ಲಿ ಆ ನಡುಗುವ ತೋಳು ನೆನಪಾಗಿ ಎಲ್ಲ ಮೊದಲಿಗೇ ಬಂದು ನಿಲ್ಲುತ್ತಿತ್ತು.

ಶಿವಪ್ರಕಾಶ ಬಂದಾಗ ಹನ್ನೊಂದೂವರೆ. ಮೂವತ್ತೈದರ ಆಳು, ಬಿಳಿ ಶರ್ಟು, ಕೈಯಲ್ಲಿ ಮೊಬೈಲು. ಅವನು ಮಾರ್ತಾಂಡನ ಕೈ ಹಿಡಿದು, ನಿಮಗೇನೂ ಪೆಟ್ಟಾಗಲಿಲ್ಲವಲ್ಲ ಕಾಕಾ ಎಂದು ಮೊದಲು ಅದನ್ನೇ ಕೇಳಿದ. ಬೈದಿದ್ದರೆ ಒಳ್ಳೆಯದಿತ್ತು. ಗುರಣ್ಣ ನಟ್ಟುಗಳನ್ನು ಬಿಚ್ಚಿ ಚೇಂಬರು ಇಳಿಸಿ ನೆಲದ ಮೇಲಿಟ್ಟ. ತಳದಲ್ಲಿ ಅಂಗೈಯಷ್ಟು ದಪ್ಪ ಕಪ್ಪು ರಾಡಿ, ಅದರಲ್ಲಿ ಹೊಳೆಯುವ ಲೋಹದ ಪುಡಿ. ಪುಡಿ ಹೊಳೆಯುವುದು ಮಾರ್ತಾಂಡನಿಗೂ ಕಂಡಿತು. ಗುರಣ್ಣ ಒಂದು ಬೇರಿಂಗು ಕಳಚಿ ಬಟ್ಟೆಯಲ್ಲಿ ಒರೆಸಿ ಶಿವಪ್ರಕಾಶನ ಕೈಗೆ ಕೊಟ್ಟ. ಸುಟ್ಟು ನೀಲಿಗಟ್ಟಿದ ಅದನ್ನು ಅವನು ಹಿಂದೆ ಮುಂದೆ ಮಾಡಿ ನೋಡಿ ಮಾರ್ತಾಂಡನಿಗೆ ದಾಟಿಸಿದ. ಮಾರ್ತಾಂಡ ಹೆಬ್ಬೆರಳಿನಿಂದ ಅದರ ಒಳಮೈ ಸವರಿದ. ಗೀರು ಗೀರಾಗಿತ್ತು. ಈಗ ಹೇಳಬೇಕು ಎಂದುಕೊಂಡ. ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಶಿವಪ್ರಕಾಶ ಬಾಗಿಲ ಕಡೆ ತಿರುಗಿ ಹುಲಿಗೆಪ್ಪನನ್ನು ಕರೆದ.

"ಮುಂಜಾನೆ ಆಯಿಲ್ ನೋಡಿದ್ದೇನು, ಇಲ್ಲೇನು?"

"ದಿನಾ ಕಡ್ಡಿ ತಗದು ತೋರಿಸೀನ್ರಿ ಸಾವಕಾರ್ರ."

"ಕಾಕಾ ಏನಂದ್ರು?"

ಹುಲಿಗೆಪ್ಪ ಮಾರ್ತಾಂಡನ ಕಡೆ ನೋಡಿದ. ನಾಲ್ಕು ಮುಂಜಾನೆ ಇಲ್ಲದಿದ್ದ ಮುಖ ಈಗ ಅಲ್ಲಿತ್ತು. ಮಾರ್ತಾಂಡನಿಗೆ ಅದನ್ನು ಓದಲಾಗಲಿಲ್ಲ, ಓದುವ ಧೈರ್ಯವಾಗಲಿಲ್ಲ ಎಂದರೆ ಸರಿ.

"ಹಾಕು ಅಂದಿದ್ರು. ನಾನ ಮರತೆ."

ಗುರಣ್ಣನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಒಂದು ಗಳಿಗೆ ನಿಂತು ಮತ್ತೆ ತಿರುಗತೊಡಗಿತು. ಮಾರ್ತಾಂಡನ ಬಾಯಿ ಇನ್ನೂ ತೆರೆದೇ ಇತ್ತು. ಒಂದು ಶಬ್ದ ಸಾಕಾಗಿತ್ತು, ಇಲ್ಲ ಎಂದು. ಅದನ್ನು ಹೇಳುವ ಬದಲು ಅವನು ತಲೆ ತಗ್ಗಿಸಿದ. ಶಿವಪ್ರಕಾಶ ಅದಕ್ಕೂ ಒಂದು ಒಳ್ಳೆಯ ಅರ್ಥ ಕೊಟ್ಟ. ಇವನನ್ನು ಉಳಿಸಲಿಕ್ಕೆ ಮೂರು ದಿನ ಸುಮ್ಮನಿದ್ದಿರಿ, ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ ಕಾಕಾ, ಅಪ್ಪಾಜಿ ಹೇಳುತ್ತಿದ್ದರು ಎಂದ. ಹುಲಿಗೆಪ್ಪನಿಗೆ ಬೈಯಲಿಲ್ಲ. ನಾಳೆಯಿಂದ ಬರಬೇಡ ಎಂದು ಮರಾಠಿಯಲ್ಲಿ ಹೇಳಿದ, ಕನ್ನಡದಲ್ಲಿ ಹೇಳಲು ಅವನಿಗೂ ಸಂಕೋಚವಾಗಿರಬೇಕು. ಈ ಎಂಜಿನ್ನು ಕಟ್ಟುವುದಕ್ಕೆ ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ನೀವು ಹೊಸ ಗಾಡಿ ತೆಗೆದುಕೊಂಡು ನಾಳೆ ಮುಂಜಾನೆ ಕರಾಡಕ್ಕೆ ಹೋಗಿ ಎಂದು ಮಾರ್ತಾಂಡನ ಬೆನ್ನು ತಟ್ಟಿದ. ಹೊಸ ಗಾಡಿ. ಹತ್ತು ವರ್ಷದಿಂದ ಅವನು ಕೇಳದೆ ಆಸೆಪಟ್ಟದ್ದು. ಬೆನ್ನ ಮೇಲೆ ಕೈ ಬಿದ್ದ ಜಾಗ ಬಿಸಿಯಾಗಿ, ಒಳಗೆಲ್ಲೋ, ಅವನಿಗೆ ಸಂತೋಷವಾಯಿತು. ಆ ಸಂತೋಷಕ್ಕಾಗಿ ಅವನು ಜನ್ಮದಲ್ಲಿ ತನ್ನನ್ನು ತಾನು ಕ್ಷಮಿಸಲಾರ.

ಹುಲಿಗೆಪ್ಪ ಗಂಟು ಹೆಗಲಿಗೇರಿಸಿಕೊಂಡು ಹೋಗಿಯಾಗಿತ್ತು. ಮಾರ್ತಾಂಡ ಚಹಾ ಕುಡಿದು ಬರುತ್ತೇನೆಂದು ಹೇಳಿ ಹಿಂದಿನಿಂದ ಬಿರಬಿರನೆ ನಡೆದ. ಮಧ್ಯಾಹ್ನದ ಬಿಸಿಲು ಡಾಂಬರಿನಿಂದ ಎದ್ದು ಕಣ್ಣಿಗೆ ಹೊಡೆಯುತ್ತಿತ್ತು. ಕಾತ್ರಜ ಚೌಕಕ್ಕೆ ಇನ್ನೂರು ಹೆಜ್ಜೆ ಈಚೆ, ಬಸ್ ಸ್ಟಾಪಿನಲ್ಲಿ ಹುಲಿಗೆಪ್ಪನೊಬ್ಬನೇ ನಿಂತಿದ್ದ. ಹನ್ನೊಂದು ವರ್ಷ ಪುಣೆಯಲ್ಲಿದ್ದರೂ ಲಾರಿಯಲ್ಲಲ್ಲದೆ ತಿರುಗಿದವನಲ್ಲ. ಎಲ್ಲಿಗೆ ಎಂದು ಮಾರ್ತಾಂಡ ಕೇಳಿದ್ದಕ್ಕೆ, ಪುಣೆಯ ಇನ್ನೊಂದು ತುದಿಯ ಖರಾಡಿಯಲ್ಲಿ ಎದ್ದಿರುವ ದೊಡ್ಡ ಕಟ್ಟಡದಲ್ಲಿ ಹೆಂಡತಿ ಶರಣಮ್ಮ ಕಲ್ಲು ಹೊರುತ್ತಾಳೆ, ಸ್ವಾರಗೇಟಿಗೆ ಹೋಗಿ ಅಲ್ಲಿ ಇನ್ನೊಂದು ಬಸ್ಸು ಹಿಡಿದು ಅಲ್ಲಿಗೇ ಹೋಗುತ್ತೇನೆ ಎಂದ. ಹಂಗ್ಯಾಕೆ ಹೇಳಿದಿ ಎಂದು ಮಾರ್ತಾಂಡ ಕೇಳಿದ. ಕೇಳಿದ್ದು ಹುಲಿಗೆಪ್ಪನಿಗಷ್ಟೇ ಕೇಳಿಸುವಂತೆ, ಬೇರೆ ಯಾರೂ ಅಲ್ಲಿ ಇಲ್ಲದಿದ್ದರೂ.

"ನಿಮಗ ಕಡ್ಡಿ ಕಾಣಂಗಿಲ್ಲಂತ ನನಗ ಹ್ವಾದ ವರ್ಷನ ಗೊತ್ತಾತ್ರಿ ಉಸ್ತಾದರ" ಎಂದ ಹುಲಿಗೆಪ್ಪ. "ನನ್ನ ಮಾರಿ ನೋಡಿ ಹೇಳತಿದ್ರಿ. ಇರಲಿ ಬಿಡು, ನಡೀತದ ಅಂತ ನಾನೂ ಮಾರಿಲೆನ ಹೇಳತಿದ್ದೆ. ಶಿರವಳದಾಗ ಅಷ್ಟು ಮಂದ್ಯಾಗ ಹಂಗಂದ್ರಿ. ನನಗ ಹಠ ಬಂತು. ಕಾಣವಲ್ಲದೋ ಹುಲಿಗೆಪ್ಪ, ನೀ ನೋಡು ಅಂತ ಒಂದ ಮಾತು ಅಂತೀರೇನಂತ ಕಡ್ಡಿ ಹಿಡಕೊಂಡು ನಿಂತೆ. ನಾಲ್ಕ ಮುಂಜಾನೆ ಕಾಯ್ದೇನ್ರಿ. ಗಾಡಿ ಸಾಯ್ತದಂತ ಗೊತ್ತಿದ್ದೂ ಕಾಯ್ದೆ. ಅದಕ್ಕ ತಪ್ಪು ನಂದೂ ಅದ."

ಮಾರ್ತಾಂಡನ ಕಣ್ಣಲ್ಲಿ ನೀರು ಬಂತು. ಹೇಳಬೇಕಾದ್ದನ್ನೆಲ್ಲ ಇವನೇ ಹೇಳಿ ಮುಗಿಸಿದ್ದ, ತನಗೆ ಏನೂ ಉಳಿಸಿರಲಿಲ್ಲ. ಹುಲಿಗೆಪ್ಪ ಗಂಟನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಇನ್ನೊಂದು ಕೇಳಲೇ, ಸಿಟ್ಟಾಗಬಾರದು ಎಂದ.

"ದೂರಂದು ಕಾಣಸ್ತದಲ್ರಿ? ರಸ್ತಾ? ಘಾಟನ್ಯಾಗ ನಿಮ್ಮ ಬಾಜೂಕ ಕುಂತು ವರ್ಷಾತು, ನಾ ಕಣ್ಣು ಮುಚ್ಚಿಲ್ರಿ."

"ಹತ್ತಿರಂದಷ್ಟ ಕಾಣಂಗಿಲ್ಲ" ಎಂದ ಮಾರ್ತಾಂಡ. "ದೂರಂದು ಎಲ್ಲಾ ಕಾಣಸ್ತದ."

ಕಾಣಂಗಿಲ್ಲ ಎಂಬ ಮಾತು ಬಾಯಿಂದ ಹೊರಬಿದ್ದಿತ್ತು. ಜೀವಮಾನದಲ್ಲಿ ಮೊದಲ ಸಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟೇ ತಾನೇ ಎಂದು ಅವನಿಗೆ ಆಶ್ಚರ್ಯವಾಯಿತು, ಎದೆ ಹಗುರಾಯಿತು. ಈಗಲೇ ತಿರುಗಿ ಹೋಗಿ ಶಿವಪ್ರಕಾಶನಿಗೂ ಹೀಗೇ ಹೇಳಿಬಿಡಬಹುದು, ಹುಲಿಗೆಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಬಹುದು. ಚಷ್ಮಾ ಹಾಕಿಕೊಂಡರೆ ಹಾಕಿಕೊಂಡೆ, ಹೊಸ ಗಾಡಿ ಹೋದರೆ ಹೋಯಿತು. ಹುಲಿಗೆಪ್ಪನ ಮುಖವೂ ಸಡಿಲಾಗಿತ್ತು. ದೂರದ್ದು ಕಾಣುತ್ತದಲ್ಲ, ಅಷ್ಟಿದ್ದರೆ ಸಾಕು ಎಂದ. ಘಾಟಿನ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು.

"ಬೋರ್ಡ್ ನೋಡ್ರಿ ಉಸ್ತಾದರ, ಸ್ವಾರಗೇಟೇನು? ನನಗೆಲ್ಲಿ ಓದಾಕ ಬರ್ತದ."

ಮಾರ್ತಾಂಡ ನೋಡಿದ. ಕೆಂಪು ಬಸ್ಸು ಬರುತ್ತಿತ್ತು. ಅದರ ಹಣೆಯ ಮೇಲೆ ಬೋರ್ಡು ಇತ್ತು, ಬೋರ್ಡಿನ ಮೇಲೆ ಅಕ್ಷರಗಳು ಇರುವುದೂ ತಿಳಿಯುತ್ತಿತ್ತು. ಯಾವ ಅಕ್ಷರ ಎಂಬುದು ತಿಳಿಯಲಿಲ್ಲ. ಬಸ್ಸು ಇನ್ನಷ್ಟು ಹತ್ತಿರ ಬಂತು. ಅಕ್ಷರಗಳು ನೀರಿಗೆ ಬಿದ್ದ ಮಸಿಯಂತೆ ಹರಡಿಕೊಂಡೇ ಇದ್ದವು. ಬಿಸಿಲು ಎಂದುಕೊಂಡ, ಕಣ್ಣೀರು ಎಂದುಕೊಂಡ, ಅಂಗೈಯಿಂದ ಒರೆಸಿಕೊಂಡು ಮತ್ತೆ ನೋಡಿದ. ನಾಳೆ ಮುಂಜಾನೆಯ ಕರಾಡದ ರಸ್ತೆ, ಶಾಲೆಯ ಮಕ್ಕಳು, ಎದುರಿನಿಂದ ಬರುವ ಗಾಡಿಗಳು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಪಕ್ಕಕ್ಕೆ ತಿರುಗಿದ. ಹುಲಿಗೆಪ್ಪ ಗಂಟು ಬಿಗಿದುಕೊಂಡು ಒಂದು ಕಾಲು ಆಗಲೇ ರಸ್ತೆಗೆ ಇಟ್ಟಿದ್ದ. ಇದೇ ಬಸ್ಸು ಎಂದು ಆ ಮುಖ ಹೇಳುತ್ತಿತ್ತು.

"ಹೌದು, ಸ್ವಾರಗೇಟ. ಹತ್ತು" ಎಂದ ಮಾರ್ತಾಂಡ.

ಹುಲಿಗೆಪ್ಪ ಹತ್ತಿದ. ಕಿಟಕಿಯ ಪಕ್ಕದ ಸೀಟು ಹಿಡಿದು, ಹೊರಗೆ ಕೈ ಚಾಚಿ, ಚಂದಾಗಿರ್ರಿ ಎಂಬಂತೆ ಆಡಿಸಿದ. ಬಸ್ಸು ಚೌಕದವರೆಗೆ ಹೋಯಿತು. ಸ್ವಾರಗೇಟಿನ ರಸ್ತೆ ನೇರ ಮುಂದಕ್ಕಿತ್ತು. ಬಸ್ಸು ನಿಧಾನವಾಗಿ ಬಲಕ್ಕೆ ಹೊರಳಿ ಕೊಂಢವಾದ ಕಡೆಗೆ ಇಳಿಯಿತು. ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇತ್ತು. ಮಾರ್ತಾಂಡ ಕೂಗಲಿಲ್ಲ. ಕಂಡಕ್ಟರು ಬಂದು ಹೇಳುವವರೆಗೂ ಹುಲಿಗೆಪ್ಪ ಅವನ ಮಾತನ್ನು ನಂಬಿಕೊಂಡೇ ಕೂತಿರುತ್ತಾನೆ.